ಆಟವೂ ತೀರ್ಪೂ

ಆಟವೆಂಬುದು ಆಡುವವರಿಗೆ ಮಾತ್ರ ಸೇರಿದ ಸಂಗತಿಯಲ್ಲ. ನೋಡುವವರಿಗೂ ಅದರಲ್ಲಿ ಪಾಲುಂಟು. ಆಟಗಾರನು ಮೈದಾನದಲ್ಲಿ ಬೆವರು ಸುರಿಸುತ್ತಿದ್ದರೆ ಪ್ರೇಕ್ಷಕನು ಕುಳಿತಲ್ಲಿಯೇ ಉಸಿರು ಬಿಗಿಹಿಡಿದು ಮನಸ್ಸಿನಲ್ಲಿ ಅದೇ ಆಟವನ್ನು ಆಡುತ್ತಿರುತ್ತಾನೆ. ತನ್ನ ತಂಡ ಗೆದ್ದರೆ ತಾನೇ ಗೆದ್ದಂತೆ ಹಿಗ್ಗುತ್ತಾನೆ. ಸೋತರೆ ಊಟ ರುಚಿಸದಷ್ಟು ಕುಗ್ಗುತ್ತಾನೆ. ಆದ್ದರಿಂದಲೇ ಪಂದ್ಯ ಮುಗಿದರೂ ಪಂದ್ಯದ ಮಾತು ಮುಗಿಯುವುದಿಲ್ಲ. ಅದರಲ್ಲಿಯೂ ತೀರ್ಪುಗಾರನ ಒಂದೇ ಒಂದು ನಿರ್ಣಯದಿಂದ ಸೋಲು ಗೆಲುವುಗಳು ನಿಶ್ಚಯವಾದಾಗ, ಆ ನಿರ್ಣಯ ಸರಿಯೋ ತಪ್ಪೋ ಎಂಬ ವಾದವು ವರ್ಷಗಟ್ಟಲೆ ನಡೆಯುವುದುಂಟು. ಇಂತಹ ವಾದಗಳು ಬರಿಯ ಕಾಲಹರಣವೇ? ಅಥವಾ ಅವುಗಳಿಂದ ಕಲಿಯಬಹುದಾದುದು ಏನಾದರೂ ಇದೆಯೇ? ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಪಂದ್ಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡಬಹುದು.

2023ನೆಯ ಇಸವಿಯ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಸ್ಪರ್ಧೆಯ ಒಂದು ಪಂದ್ಯ ನಡೆಯಿತು. ಬೆಂಗಳೂರು ಎಫ್.ಸಿ. ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ನಡುವಣ ಆ ಪಂದ್ಯದಲ್ಲಿ ಗೆದ್ದವರು ಉಪಾಂತ್ಯಕ್ಕೆ ಹೋಗುವರು, ಸೋತವರು ಸ್ಪರ್ಧೆಯಿಂದಲೇ ಹೊರಬೀಳುವರು. ನಿಗದಿತ 90 ನಿಮಿಷಗಳಲ್ಲಿ ಎರಡು ತಂಡಗಳೂ ಗೋಲು ಗಳಿಸಲಿಲ್ಲ. ನಿಯಮದಂತೆ 30 ನಿಮಿಷಗಳ ಹೆಚ್ಚುವರಿ ಆಟ ಆರಂಭವಾಯಿತು. 96ನೆಯ ನಿಮಿಷದಲ್ಲಿ ಕೇರಳ ತಂಡದ ಗೋಲಿನ ಸಮೀಪದಲ್ಲಿ ಬೆಂಗಳೂರು ತಂಡಕ್ಕೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ತನ್ನ ಸ್ಥಾನದಿಂದ ಮುಂದೆ ಬಂದು, ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆಯನ್ನು ನಿಲ್ಲಿಸುವ ಸಿದ್ಧತೆಯಲ್ಲಿದ್ದರು. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಹೊಡೆದರು. ಚೆಂಡು ತೆರೆದ ಗೋಲಿನೊಳಕ್ಕೆ ಹೋಗಿ ಬಿದ್ದಿತು. ತೀರ್ಪುಗಾರರಾದ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಸಾರಿದರು.

ಕೇರಳದ ಆಟಗಾರರು ತೀರ್ಪುಗಾರರನ್ನು ಸುತ್ತುವರಿದು ಪ್ರತಿಭಟಿಸಿದರು. ತೀರ್ಪು ಬದಲಾಗಲಿಲ್ಲ. ಆಗ ಅವರ ತರಬೇತುದಾರರಾದ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದರು. ತಂಡ ಒಳಕ್ಕೆ ಹೋದದ್ದು ಮರಳಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದ ಬಳಿಕ ಬೆಂಗಳೂರು ತಂಡ 1–0 ಅಂತರದಿಂದ ಗೆದ್ದಿತೆಂದು ಘೋಷಿಸಲಾಯಿತು. ಸಾವಿರಾರು ಜನ ನೋಡಲು ಬಂದಿದ್ದ ಪಂದ್ಯ ಅರ್ಧದಲ್ಲಿಯೇ ನಿಂತುಹೋಯಿತು.

ಮೈದಾನದಲ್ಲಿ ನಿಂತ ಪಂದ್ಯ ಊರೂರುಗಳಲ್ಲಿ ಮಾತಿನ ಪಂದ್ಯವಾಗಿ ಮುಂದುವರಿಯಿತು. ಮಂಗಳೂರಿನ ಸಮೀಪದ ಬಜಪೆಯಂತಹ ಊರು ಇಂತಹ ವಾದಕ್ಕೆ ಹೇಳಿ ಮಾಡಿಸಿದ ಸ್ಥಳ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದಿಳಿದಂದಿನಿಂದ ಬಜಪೆಯ ಹೆಸರು ವಿಮಾನ ನಿಲ್ದಾಣದೊಂದಿಗೆ ಬೆಸೆದುಕೊಂಡಿದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಮಾತುಗಳೂ ಅಲ್ಲಿನ ಪೇಟೆಯಲ್ಲಿ ಕೇಳಿಬರುತ್ತವೆ. ದಕ್ಷಿಣಕ್ಕೆ ಮಂಗಳೂರನ್ನು ದಾಟಿ ತಲಪಾಡಿಯನ್ನು ಹಾದರೆ ಕೇರಳ ರಾಜ್ಯ. ಬೆಂಗಳೂರು ತಂಡ ತಮ್ಮ ರಾಜ್ಯದ್ದೆಂಬ ಅಭಿಮಾನ ಕೆಲವರಿಗಿದ್ದರೆ, ಗಡಿಯಾಚೆ ನೆಂಟರನ್ನೂ ಗೆಳೆಯರನ್ನೂ ಉಳ್ಳವರಿಗೆ ಕೇರಳ ತಂಡದ ಮೇಲೆ ಮಮತೆ ಇರುವುದು ಸಹಜ. ಮಂಗಳೂರಿನ ಕಾಲೇಜುಗಳಿಗೆ ಹೋಗಲು ಬಸ್ಸಿಗಾಗಿ ಕಾಯುವ ತರುಣರ ಗುಂಪಿನಲ್ಲಿ ಈ ಎರಡು ಪಕ್ಷಗಳು ಎದುರುಬದುರಾದರೆ ಮಾತು ಹೇಗೆ ಸಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ.

"ಅಲ್ಲ ಮಾರಾಯಾ, ಸೀಟಿಯನ್ನೇ ಊದದೆ ಹೊಡೆದದ್ದು ಗೋಲು ಹೇಗಾಗುತ್ತದೆ?"

"ಸೀಟಿ ಊದಲೇಬೇಕೆಂದು ಯಾರು ಹೇಳಿದ್ದು ನಿನಗೆ?"

"ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದನಲ್ಲ!"

"ಅದು ಅವನ ತಪ್ಪು. ಚೆಂಡಿನ ಮೇಲೆ ಕಣ್ಣಿಡಬೇಕಿತ್ತು."

"ಆ ರೆಫರಿಯೇ ಸರಿಯಿಲ್ಲ ಬಿಡು!"

"ಸೋತವರು ಹೇಳುವುದು ಯಾವಾಗಲೂ ಇದನ್ನೇ."

ಈ ಆರು ಮಾತುಗಳನ್ನು ಬಿಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿ ನಡೆಯುತ್ತಿರುವುದು ಒಂದು ವಾದವಲ್ಲ, ನಾಲ್ಕು ವಾದಗಳು. ನಡೆದದ್ದು ಏನು ಎಂಬುದು ಮೊದಲನೆಯದು. ನಿಯಮ ಏನು ಹೇಳುತ್ತದೆ ಎಂಬುದು ಎರಡನೆಯದು. ತೀರ್ಮಾನಿಸುವ ಅಧಿಕಾರ ಯಾರದು ಎಂಬುದು ಮೂರನೆಯದು. ತಂಡ ಹೇಗೆ ಆಡಿತು ಎಂಬುದು ನಾಲ್ಕನೆಯದು. ಒಂದು ಪ್ರಶ್ನೆಗೆ ಮತ್ತೊಂದರ ಉತ್ತರವನ್ನು ಕೊಡುತ್ತ ಹೋದರೆ ದನಿ ಏರುತ್ತದೆಯೇ ಹೊರತು ತಿಳಿವು ಏರುವುದಿಲ್ಲ. ಆದುದರಿಂದ ಒಂದೊಂದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ನಡೆದದ್ದರ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಗೋಲ್‌ಕೀಪರ್ ಸಿದ್ಧನಾಗಿರಲಿಲ್ಲ, ಸೀಟಿಗಾಗಿ ಕಾಯದೆ ಚೆಂಡನ್ನು ಹೊಡೆಯಲಾಯಿತು, ಚೆಂಡು ಗೋಲಿನೊಳಕ್ಕೆ ಹೋಯಿತು. ಇವನ್ನು ಎರಡು ಪಕ್ಷದವರೂ ಒಪ್ಪುತ್ತಾರೆ. ವಾದವು ನಿಜವಾಗಿ ಆರಂಭವಾಗುವುದು ನಿಯಮದ ಬಳಿ.

ಫುಟ್‌ಬಾಲಿನ ನಿಯಮಾವಳಿಯಂತೆ ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು ಚೆಂಡಿನಿಂದ ಕನಿಷ್ಠ 9.15 ಮೀಟರ್ ದೂರದಲ್ಲಿರಬೇಕು. ಆದರೆ ಎದುರಾಳಿಗಳು ಅಷ್ಟು ದೂರ ಸರಿಯುವವರೆಗೆ ಕಾಯಲೇಬೇಕೆಂಬ ನಿರ್ಬಂಧ ಹೊಡೆಯುವವನಿಗೆ ಇಲ್ಲ. ಅವನು ಬಯಸಿದರೆ ಕೂಡಲೇ ಹೊಡೆಯಬಹುದು. ಇದರ ಹಿಂದೆ ಒಂದು ನ್ಯಾಯವಿದೆ. ತಪ್ಪು ಮಾಡಿದ ತಂಡದ ಆಟಗಾರರು ಚೆಂಡಿನ ಮುಂದೆ ನಿಂತು ಕಾಲ ಕಳೆದರೆ ಮಾಡಿದ ತಪ್ಪಿನಿಂದಲೇ ಅವರಿಗೆ ಲಾಭವಾದಂತಾಗುತ್ತದೆ. ಹಾಗಾಗಬಾರದೆಂದೇ ಬೇಗನೆ ಹೊಡೆಯುವ ಸ್ವಾತಂತ್ರ್ಯವನ್ನು ಕೊಡಲಾಗಿದೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಎದುರಾಳಿಗಳನ್ನು ನಿಯಮಿತ ದೂರಕ್ಕೆ ಸರಿಸುವ ಕೆಲಸಕ್ಕೆ ತೀರ್ಪುಗಾರನು ಕೈಹಾಕಿದನೆಂದರೆ, ಆ ಬಳಿಕ ಆತ ಸೀಟಿ ಊದಿದ ಮೇಲೆಯೇ ಚೆಂಡನ್ನು ಹೊಡೆಯಬೇಕು.

ಹೀಗೆ ನೋಡಿದರೆ ಆ ಇಡೀ ವಿವಾದವು ಒಂದು ಚಿಕ್ಕ ಪ್ರಶ್ನೆಯ ಮೇಲೆ ನಿಂತಿರುವುದು ಕಾಣುತ್ತದೆ. ಛೆಟ್ರಿ ಚೆಂಡನ್ನು ಹೊಡೆದ ಆ ಕ್ಷಣದಲ್ಲಿ, ದೂರವನ್ನು ಸರಿಪಡಿಸುವ ಕೆಲಸವನ್ನು ತೀರ್ಪುಗಾರರು ಆರಂಭಿಸಿದ್ದರೇ ಇಲ್ಲವೇ? ಆರಂಭಿಸಿದ್ದರು, ಆದ್ದರಿಂದ ಸೀಟಿ ಅಗತ್ಯವಾಗಿತ್ತು ಎಂಬುದು ಬ್ಲಾಸ್ಟರ್ಸ್ ಪಕ್ಷದ ವಾದ. ತಮಗೆ ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ತೀರ್ಪುಗಾರರಿಗೆ ಮೊದಲೇ ತಿಳಿಸಿದ್ದೆನೆಂಬುದು ಛೆಟ್ರಿಯವರ ಮಾತು. "ಸೀಟಿ ಇಲ್ಲದೆ ಗೋಲು ಹೇಗಾಯಿತು?" ಎಂದು ಕೇಳುವವನೂ, "ಸೀಟಿ ಬೇಕೇ ಇಲ್ಲ" ಎಂದು ಉತ್ತರಿಸುವವನೂ ನಿಯಮದ ಅರ್ಧವನ್ನಷ್ಟೇ ಹೇಳುತ್ತಿದ್ದಾರೆ. ನಿಯಮವನ್ನು ಪೂರ್ತಿಯಾಗಿ ಬಲ್ಲವರ ನಡುವೆ ವಾದ ಆಗಲೂ ಇರಬಹುದು. ಆದರೆ ಅದು ಕೂಗಾಟವಾಗದೆ ವಿಚಾರವಾಗುತ್ತದೆ.

ಇನ್ನು ಮೂರನೆಯ ಪ್ರಶ್ನೆ: ತೀರ್ಮಾನಿಸುವ ಅಧಿಕಾರ ಯಾರದು? ಇದಕ್ಕೆ ಉತ್ತರ ಆಟದ ಚರಿತ್ರೆಯಲ್ಲಿಯೇ ಇದೆ. 1863ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸಂಘ ಸ್ಥಾಪನೆಯಾಗಿ ಮೊದಲ ನಿಯಮಗಳು ರಚಿತವಾದಾಗ, ಅವುಗಳಲ್ಲಿ ತೀರ್ಪುಗಾರನ ಪ್ರಸ್ತಾಪವೇ ಇರಲಿಲ್ಲ. ಮನಸ್ತಾಪ ಬಂದರೆ ಎರಡು ತಂಡಗಳ ನಾಯಕರು ಮಾತಾಡಿ ಬಗೆಹರಿಸಿಕೊಳ್ಳುವರೆಂಬ ನಂಬಿಕೆ ಆಗಿನ ಕಾಲದ್ದು. ಸ್ಪರ್ಧೆ ಬಿರುಸಾದಂತೆ ಆ ನಂಬಿಕೆ ಸಾಲದಾಯಿತು. ಪ್ರತಿ ತಂಡವೂ ತನ್ನ ಪರವಾಗಿ ಒಬ್ಬ ಅಂಪೈರನನ್ನು ನೇಮಿಸತೊಡಗಿತು. ಆ ಇಬ್ಬರಲ್ಲಿ ಒಮ್ಮತ ಮೂಡದಿದ್ದಾಗ ಮೈದಾನದ ಹೊರಗೆ ನಿಂತ ಮೂರನೆಯವನಿಗೆ ವಿಷಯವನ್ನು ಒಪ್ಪಿಸಲಾಗುತ್ತಿತ್ತು. ಇಂಗ್ಲಿಷಿನಲ್ಲಿ 'ರೆಫರ್' ಎಂದರೆ ಹೀಗೆ ಒಪ್ಪಿಸುವುದು. 'ರೆಫರಿ' ಎಂಬ ಹೆಸರಿನ ಮೂಲ ಇದೇ. 1891ರಲ್ಲಿ ರೆಫರಿಯನ್ನು ಮೈದಾನದೊಳಕ್ಕೆ ಕರೆತಂದು ಪೂರ್ಣಾಧಿಕಾರ ಕೊಟ್ಟರು; ಅಂಪೈರರು ಗೆರೆಯಂಚಿನ ಸಹಾಯಕರಾದರು. ಅಂದರೆ ತೀರ್ಪುಗಾರನ ಅಧಿಕಾರವು ಆಟಗಾರರ ಮೇಲೆ ಯಾರೋ ಹೇರಿದ ದಂಡವಲ್ಲ. ಆಟ ನಿಲ್ಲದೆ ಮುಂದುವರಿಯಲೆಂದು ಆಟಗಾರರ ಕಡೆಯವರೇ ಒಪ್ಪಿಸಿದ ಹೊಣೆ.

ಗೋಲು ಆಯಿತೇ ಇಲ್ಲವೇ ಎಂಬುದೂ ಸೇರಿದಂತೆ, ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ತೀರ್ಪುಗಾರನ ಮಾತೇ ಕೊನೆಯದೆಂದು ನಿಯಮ ಹೇಳುತ್ತದೆ. ಕೊನೆಯ ಮಾತು ಎಂದರೆ ತಪ್ಪಿಲ್ಲದ ಮಾತು ಎಂದು ಅರ್ಥವಲ್ಲ. ಈ ಭೇದವನ್ನು ಚೆನ್ನಾಗಿ ಗಮನಿಸಬೇಕು. ತೀರ್ಪುಗಾರನೂ ಮನುಷ್ಯನೇ. ದೊಡ್ಡ ಪಂದ್ಯವೊಂದರಲ್ಲಿ ಆತ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಬೇಕಾಗುತ್ತದೆ. ಇಪ್ಪತ್ತೆರಡು ಮಂದಿಯ ಕೈಕಾಲುಗಳ ನಡುವೆ ಚೆಂಡನ್ನು ಹಿಂಬಾಲಿಸುತ್ತ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಿರ್ಣಯ ಕೊಡಬೇಕಾಗುತ್ತದೆ. ಮನೆಯಲ್ಲಿ ಕುಳಿತ ಪ್ರೇಕ್ಷಕನು ಅದೇ ದೃಶ್ಯವನ್ನು ಹತ್ತು ಸಲ, ನಿಧಾನವಾಗಿ, ಬೇರೆ ಬೇರೆ ದಿಕ್ಕುಗಳಿಂದ ನೋಡಿ ತೀರ್ಪು ಹೇಳುತ್ತಾನೆ. ಒಮ್ಮೆ ಮಾತ್ರ ಕಂಡವನನ್ನು ಹತ್ತು ಸಲ ಕಂಡವನು ಕುರುಡನೆಂದು ಜರೆಯುವುದು ನ್ಯಾಯವೇ?

ಕಣ್ಣಿಗೆ ಇರುವ ಈ ಮಿತಿಯನ್ನು ಕರಾವಳಿಯ ಜನ ಕಂಬಳದ ಕರೆಯಲ್ಲಿ ಹಿಂದಿನಿಂದಲೂ ಬಲ್ಲರು. ಜೋಡುಕರೆ ಕಂಬಳದಲ್ಲಿ ಎರಡು ಜೋಡಿ ಕೋಣಗಳು ಕೆಸರುನೀರನ್ನು ಚಿಮ್ಮಿಸುತ್ತ ಒಟ್ಟಿಗೆ ಓಡಿ ಮಂಜೊಟ್ಟಿಯನ್ನು ಮುಟ್ಟುವಾಗ, ಯಾವ ಜೋಡಿ ಮುಂದಾಯಿತೆಂಬುದನ್ನು ಬರಿಗಣ್ಣಿನಿಂದ ಹೇಳುವುದು ಸುಲಭವಲ್ಲ. ಕನೆಹಲಗೆಯ ಓಟದಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುವುದೂ ಅಷ್ಟೇ ಕಠಿನ. ಈಚಿನ ವರ್ಷಗಳಲ್ಲಿ ಓಟದ ಕೊನೆಯನ್ನು ಗುರುತಿಸಲು ಲೇಸರ್ ಕಿರಣದ ಸಾಧನಗಳು ಕಂಬಳಕ್ಕೆ ಬಂದಿವೆ. ತೀರ್ಪುಗಾರರ ಮೇಲಿನ ಅವಿಶ್ವಾಸವಷ್ಟೇ ಅವನ್ನು ತಂದಿತೆಂದು ತಿಳಿಯಬೇಕಾಗಿಲ್ಲ. ಕಣ್ಣಿಗೆ ಆಗದ ಕೆಲಸಕ್ಕೆ ನೆರವು ಬೇಕೆಂಬ ತಿಳಿವಳಿಕೆಯೂ ಅದರ ಹಿಂದೆ ಇದೆ.

ಫುಟ್‌ಬಾಲಿನಲ್ಲಿಯೂ ಹೀಗೆಯೇ ಆಯಿತು. 2010ರ ಜೂನ್ 27ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ನಗರದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪರ್ಡ್ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ತಾಗಿ, ಗೆರೆಯ ಒಳಗಡೆ ಬಿದ್ದು, ಪುಟಿದು ಹೊರಕ್ಕೆ ಬಂದಿತು. ತೀರ್ಪುಗಾರರಿಗೆ ಅದು ಕಾಣಲಿಲ್ಲ, ಗೋಲು ಸಿಗಲಿಲ್ಲ. ಲೋಕವೆಲ್ಲ ಕಂಡ ಆ ತಪ್ಪಿನ ಚರ್ಚೆ ವ್ಯರ್ಥವಾಗಲಿಲ್ಲ. 2012ರ ಜುಲೈ ತಿಂಗಳಲ್ಲಿ, ಚೆಂಡು ಗೋಲಿನ ಗೆರೆ ದಾಟಿದುದನ್ನು ತಿಳಿಸುವ ಯಂತ್ರಗಳಿಗೆ ನಿಯಮ ಮಂಡಳಿ ಒಪ್ಪಿಗೆ ಕೊಟ್ಟಿತು. 2014ರ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದವು. 2018ರಲ್ಲಿ ವೀಡಿಯೋ ನೋಡಿ ತೀರ್ಪುಗಾರನಿಗೆ ನೆರವಾಗುವ ವ್ಯವಸ್ಥೆಯೂ ನಿಯಮಾವಳಿಯನ್ನು ಸೇರಿತು. ಇದಕ್ಕೂ ಹಿಂದೆ, 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನ ತಂಡಗಳ ಪಂದ್ಯದಲ್ಲಿ, ತೀರ್ಪುಗಾರನ ಭಾಷೆ ಆಟಗಾರರಿಗೆ ತಿಳಿಯದೆ ದೊಡ್ಡ ಗೊಂದಲವಾಗಿತ್ತು. ಯಾವ ಭಾಷೆಯವರಿಗೂ ಅರ್ಥವಾಗುವ ಹಳದಿ ಮತ್ತು ಕೆಂಪು ಕಾರ್ಡುಗಳು 1970ರ ವಿಶ್ವಕಪ್ಪಿನಲ್ಲಿ ಬಳಕೆಗೆ ಬಂದುದು ಅದರ ಫಲ. ಅಭಿಮಾನಿಗಳ ವಾದ ವಿವೇಕದಿಂದ ಕೂಡಿದ್ದರೆ ಆಟದ ಸುಧಾರಣೆಗೆ ಅದೂ ಕಾರಣವಾಗುತ್ತದೆ.

ಆದರೆ ಈ ಸಾಧನಗಳು ಎಲ್ಲ ಮೈದಾನಗಳಿಗೂ ತಲುಪಿಲ್ಲ. 2023ರ ಬೆಂಗಳೂರಿನ ಪಂದ್ಯದಲ್ಲಿ ವೀಡಿಯೋ ನೆರವು ಇರಲಿಲ್ಲ. ಮರುವರ್ಷ ಭಾರತ ತಂಡಕ್ಕೂ ಇದರ ಬಿಸಿ ತಟ್ಟಿತು. 2024ರ ಜೂನ್ 11ರಂದು ದೋಹಾದಲ್ಲಿ ಕತಾರ್ ತಂಡದೊಡನೆ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ 1–0 ಮುನ್ನಡೆಯಲ್ಲಿತ್ತು. 73ನೆಯ ನಿಮಿಷದಲ್ಲಿ ಗೋಲಿನ ಪಕ್ಕದ ಗೆರೆಯನ್ನು ಪೂರ್ತಿಯಾಗಿ ದಾಟಿದ್ದ ಚೆಂಡನ್ನು ಕತಾರಿನ ಆಟಗಾರನೊಬ್ಬ ಒಳಕ್ಕೆಳೆದ. ಮತ್ತೊಬ್ಬ ಅದನ್ನು ಗೋಲಿಗೆ ಹೊಡೆದ. ಚಿತ್ರಗಳಲ್ಲಿ ಚೆಂಡು ಹೊರಗೆ ಹೋದುದು ಕಾಣುತ್ತಿತ್ತು. ಆದರೂ ಗೋಲು ನಿಂತಿತು. ಕೊನೆಗೆ ಕತಾರ್ 2–1ರಿಂದ ಗೆದ್ದಿತು. ಭಾರತ ಅರ್ಹತಾ ಸುತ್ತಿನಿಂದ ಹೊರಬಿದ್ದಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ದೂರು ಸಲ್ಲಿಸಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಅಂದು ಭಾರತಕ್ಕೆ ಅನ್ಯಾಯವಾಯಿತೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ.

ಇಲ್ಲಿಯೇ ನಾಲ್ಕನೆಯ ಪ್ರಶ್ನೆ ಎದುರಾಗುತ್ತದೆ. ಇದು ಅಭಿಮಾನಿಗೆ ಎಲ್ಲಕ್ಕಿಂತ ಕಹಿಯಾದ ಪ್ರಶ್ನೆ: ತಂಡ ಹೇಗೆ ಆಡಿತು? ಕತಾರಿನ ಪಂದ್ಯ ಆ ಗುಂಪಿನ ಆರು ಪಂದ್ಯಗಳಲ್ಲಿ ಕೊನೆಯದು. ಅದಕ್ಕೆ ಮೊದಲು, ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ಭಾರತವು ಅಫ್ಘಾನಿಸ್ತಾನದೊಡನೆ ಒಂದು ಪಂದ್ಯವನ್ನು ಗೋಲಿಲ್ಲದೆ ಸಮ ಮಾಡಿಕೊಂಡು, ಇನ್ನೊಂದನ್ನು ತನ್ನದೇ ನೆಲವಾದ ಗುವಾಹಟಿಯಲ್ಲಿ 1–2ರಿಂದ ಸೋತಿತ್ತು. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತಿನೊಡನೆ ಮತ್ತೆ ಗೋಲಿಲ್ಲದ ಸಮ. ಕೊನೆಯ ಲೆಕ್ಕದಲ್ಲಿ ಭಾರತಕ್ಕೆ 5 ಅಂಕಗಳು. ಮುಂದಕ್ಕೆ ಹೋದ ಕುವೈತಿಗೆ 7. ಒಂದು ಗೆಲುವಿಗೆ 3 ಅಂಕ. ಗುವಾಹಟಿಯ ಪಂದ್ಯವೊಂದನ್ನು ಗೆದ್ದಿದ್ದರೆ 8 ಅಂಕಗಳಾಗಿ, ದೋಹಾದ ತಪ್ಪು ತೀರ್ಪಿನ ಹೊರತಾಗಿಯೂ ಭಾರತ ಮುಂದಿನ ಸುತ್ತಿಗೆ ಹೋಗುತ್ತಿತ್ತು. ತೀರ್ಪು ತಪ್ಪಾಗಿತ್ತೆಂಬುದೂ ನಿಜ, ತಂಡದ ಆಟ ಸಾಲದಾಗಿತ್ತೆಂಬುದೂ ನಿಜ. ಒಂದು ನಿಜವು ಮತ್ತೊಂದು ನಿಜವನ್ನು ಅಳಿಸುವುದಿಲ್ಲ.

ಬೆಂಗಳೂರಿನ ಪಂದ್ಯವನ್ನೂ ಇದೇ ಒರೆಗಲ್ಲಿಗೆ ಹಚ್ಚಬಹುದು. ಆ ಪಂದ್ಯ ಬೆಂಗಳೂರಿನಲ್ಲಿಯೇ ಏಕೆ ನಡೆಯಿತು? ಲೀಗ್ ಹಂತದಲ್ಲಿ ಬೆಂಗಳೂರು ತಂಡ ನಾಲ್ಕನೆಯ ಸ್ಥಾನವನ್ನೂ ಕೇರಳ ತಂಡ ಐದನೆಯ ಸ್ಥಾನವನ್ನೂ ಪಡೆದಿದ್ದವು. ಮೇಲಿನ ಸ್ಥಾನದ ತಂಡಕ್ಕೆ ತನ್ನ ನೆಲದಲ್ಲಿ ಆಡುವ ಅನುಕೂಲವಿತ್ತು. ಬೆಂಗಳೂರು ತಂಡ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಒಂದೇ ಸಮನೆ ಗೆದ್ದು ಬಂದಿತ್ತು. ಇದು ಯಾವ ತೀರ್ಪುಗಾರನೂ ಕೊಟ್ಟ ವರವಲ್ಲ. ಮತ್ತೊಂದು ಲೆಕ್ಕವನ್ನೂ ಮರೆಯಬಾರದು. ಗೋಲು ಬಂದುದು 96ನೆಯ ನಿಮಿಷದಲ್ಲಿ; ಆಟ 120ನೆಯ ನಿಮಿಷದವರೆಗೆ ಇತ್ತು. ಒಂದು ಗೋಲನ್ನು ಹಿಂತಿರುಗಿಸಲು ಕೇರಳ ತಂಡಕ್ಕೆ ಇನ್ನೂ 24 ನಿಮಿಷಗಳಿದ್ದವು. ಮೈದಾನ ಬಿಟ್ಟು ನಡೆದಾಗ ಕಳೆದುಕೊಂಡದ್ದು ಈ 24 ನಿಮಿಷಗಳನ್ನು. ತೀರ್ಪುಗಾರರು ಕೊಟ್ಟದ್ದು ಎದುರಾಳಿಗಳಿಗೆ ಒಂದು ಗೋಲು ಮಾತ್ರ. ಸೋಲನ್ನು ಖಚಿತ ಮಾಡಿಕೊಂಡದ್ದು ತಂಡವೇ.

ಮುಂದಿನ ಪರಿಣಾಮಗಳೂ ಹಗುರವಾಗಿರಲಿಲ್ಲ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳ ತಂಡದ ಮನವಿ ತಿರಸ್ಕೃತವಾಯಿತು. ಮೈದಾನ ತೊರೆದುದಕ್ಕಾಗಿ ಒಕ್ಕೂಟದ ಶಿಸ್ತು ಸಮಿತಿಯು ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರಿಗೆ 5 ಲಕ್ಷ ರೂಪಾಯಿ ದಂಡದ ಜತೆಗೆ ಹತ್ತು ಪಂದ್ಯಗಳ ನಿಷೇಧವಾಯಿತು. ಸಾರ್ವಜನಿಕವಾಗಿ ಕ್ಷಮೆ ಯಾಚಿಸಬೇಕೆಂದೂ ಆಜ್ಞೆಯಾಯಿತು. ಬೆಂಗಳೂರು ತಂಡವಾದರೋ ಉಪಾಂತ್ಯದಲ್ಲಿ ಮುಂಬಯಿ ತಂಡವನ್ನು ಸೋಲಿಸಿ, ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎಟಿಕೆ ಮೋಹನ್ ಬಾಗಾನ್ ತಂಡಕ್ಕೆ ಪೆನಾಲ್ಟಿ ಹೊಡೆತಗಳಲ್ಲಿ ಸೋತಿತು. ಆಗ ಅದರ ಅಭಿಮಾನಿಗಳ ಸರದಿ. ತೀರ್ಪುಗಾರನನ್ನು ದೂರುವ ಮಾತು ಈ ಸಲ ಅವರ ಬಾಯಲ್ಲಿ ಬಂದಿತು. ನಿನ್ನೆ "ತೀರ್ಪೇ ಕೊನೆಯ ಮಾತು" ಎಂದವರಿಗೆ ಇಂದು ಅದೇ ಮಾತು ನಾಲಿಗೆಯಲ್ಲಿ ನಿಲ್ಲದೆ ಹೋಗುವುದುಂಟು. ತನಗೆ ಅನುಕೂಲವಾದಾಗಲೂ ಪ್ರತಿಕೂಲವಾದಾಗಲೂ ಒಂದೇ ಅಳತೆಗೋಲನ್ನು ಹಿಡಿಯಬಲ್ಲವನೇ ನಿಜವಾದ ಕ್ರೀಡಾಭಿಮಾನಿ.

ಹಾಗಾದರೆ ತೀರ್ಪಿನ ತಪ್ಪಿಗೆ ಪರಿಹಾರವೇ ಇಲ್ಲವೇ? ನಿಯಮ ಕೊಡಲಾರದ ಪರಿಹಾರವನ್ನು ಆಟಗಾರರ ಮನಸ್ಸು ಕೊಟ್ಟ ಉದಾಹರಣೆಯೊಂದು ಅಮೆರಿಕದ ಕಾಲೇಜುಗಳ ಚರಿತ್ರೆಯಲ್ಲಿದೆ. ಅಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟ ಬೇರೆಯೇ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟದಲ್ಲಿ, ಹತ್ತು ಗಜ ಮುಂದೆ ಸಾಗಲು ಒಂದು ತಂಡಕ್ಕೆ ನಾಲ್ಕು ಯತ್ನಗಳು ಮಾತ್ರ ದೊರೆಯುತ್ತವೆ. 1940ರ ನವೆಂಬರ್ 16ರಂದು ಕಾರ್ನೆಲ್ ಮತ್ತು ಡಾರ್ಟ್‌ಮತ್ ಎಂಬ ಎರಡು ವಿದ್ಯಾಸಂಸ್ಥೆಗಳ ತಂಡಗಳು ಎದುರಾದವು. ಕೊನೆಯ ಗಳಿಗೆಯಲ್ಲಿ ತೀರ್ಪುಗಾರನು ಎಣಿಕೆ ತಪ್ಪಿ ಕಾರ್ನೆಲ್ ತಂಡಕ್ಕೆ ಐದನೆಯ ಯತ್ನವನ್ನು ಕೊಟ್ಟುಬಿಟ್ಟ. ಆ ಯತ್ನದಿಂದಲೇ ಕಾರ್ನೆಲ್ 7–3ರಿಂದ ಗೆದ್ದಿತು. ಪಂದ್ಯದ ಚಲನಚಿತ್ರವನ್ನು ಆಮೇಲೆ ಪರಿಶೀಲಿಸಿದಾಗ ತಪ್ಪು ಸ್ಪಷ್ಟವಾಯಿತು; ತೀರ್ಪುಗಾರನೂ ಅದನ್ನು ಒಪ್ಪಿಕೊಂಡ. ಆಗ ಕಾರ್ನೆಲ್ ಸಂಸ್ಥೆಯು ತಂತಿ ಕಳುಹಿಸಿ ತನ್ನ ಗೆಲುವನ್ನು ಎದುರಾಳಿಗೆ ಬಿಟ್ಟುಕೊಟ್ಟಿತು. ಇಂದಿಗೂ ಆ ಪಂದ್ಯದ ಫಲಿತಾಂಶ ಡಾರ್ಟ್‌ಮತ್‌ಗೆ 3–0 ಗೆಲುವು ಎಂದೇ ದಾಖಲಾಗಿದೆ. ಹಾಗೆ ಬಿಟ್ಟುಕೊಡಬೇಕೆಂದು ಯಾವ ನಿಯಮವೂ ಅವರನ್ನು ಒತ್ತಾಯಿಸಿರಲಿಲ್ಲ.

ಐವತ್ತು ವರ್ಷಗಳ ಬಳಿಕ, 1990ರ ಅಕ್ಟೋಬರ್ 6ರಂದು, ಅದೇ ತಪ್ಪು ಮತ್ತೊಮ್ಮೆ ನಡೆಯಿತು. ಮಿಸ್ಸೂರಿ ತಂಡದ ಎದುರು ಕೊಲರಾಡೊ ತಂಡಕ್ಕೆ ಐದನೆಯ ಯತ್ನ ದೊರೆತು, ಅದು 33–31ರಿಂದ ಗೆದ್ದಿತು. ಈ ಸಲ ಗೆದ್ದವರು ಗೆಲುವನ್ನು ಬಿಟ್ಟುಕೊಡಲಿಲ್ಲ. ಅವರು ನಿಯಮದ ಪ್ರಕಾರ ತಪ್ಪು ಮಾಡಿದರೆಂದು ಹೇಳುವಂತಿಲ್ಲ. ಆ ವರ್ಷ ದೊಡ್ಡ ಪ್ರಶಸ್ತಿಯೂ ಅವರ ಪಾಲಾಯಿತು. ಆದರೆ ಆ ಪ್ರಶಸ್ತಿಯ ಮಾತು ಬಂದಾಗಲೆಲ್ಲ ಐದನೆಯ ಯತ್ನದ ಮಾತೂ ಬರುತ್ತದೆ. ಕಾರ್ನೆಲ್ ತಂಡವನ್ನಾದರೋ ಅದು ಸೋತ ಪಂದ್ಯಕ್ಕಾಗಿಯೇ ಜನ ಗೌರವದಿಂದ ನೆನೆಯುತ್ತಾರೆ.

ಇಷ್ಟು ದೂರದ ಮೈದಾನಗಳ ಮಾತು ಶಾಲೆಯ ಅಂಗಳಕ್ಕೂ ಸಲ್ಲುತ್ತದೆ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಲ್ಲಿ ಸೀಟಿ ಹಿಡಿಯುವವರು ಸಾಮಾನ್ಯವಾಗಿ ದೈಹಿಕ ಶಿಕ್ಷಕರೇ. ಅಲ್ಲಿ ವೀಡಿಯೋ ಇಲ್ಲ, ಲೇಸರ್ ಇಲ್ಲ. ಗೆರೆ ಎಳೆದದ್ದು ಸುಣ್ಣದ ಪುಡಿಯಲ್ಲಿ, ಅದೂ ಅರ್ಧ ಆಟ ಮುಗಿಯುವಷ್ಟರಲ್ಲಿ ಅಳಿಸಿರುತ್ತದೆ. ಬಿಸಿಲಿನಲ್ಲಿ ಓಡಿ ದಣಿದ ಆ ಶಿಕ್ಷಕರು ಒಂದು ನಿರ್ಣಯ ಕೊಟ್ಟೊಡನೆ ಸುತ್ತ ನಿಂತವರು ಕೂಗಿ ಹೀಯಾಳಿಸಿದರೆ, ಮುಂದಿನ ವರ್ಷ ಸೀಟಿ ಹಿಡಿಯಲು ಯಾರು ಮುಂದೆ ಬಂದಾರು? ತೀರ್ಪುಗಾರನಿಲ್ಲದೆ ಪಂದ್ಯವಿಲ್ಲ. ಆತನನ್ನು ಅವಮಾನಿಸಿ ಓಡಿಸಿದರೆ ನಷ್ಟವಾಗುವುದು ಆಟಕ್ಕೆ, ಆಡಬೇಕಾದ ಮಕ್ಕಳಿಗೆ. ತೀರ್ಪು ತಪ್ಪೆನಿಸಿದರೆ ತಂಡದ ನಾಯಕನು ವಿನಯದಿಂದ ಕೇಳಬಹುದು. ಪಂದ್ಯದ ಬಳಿಕ ನಡೆಸುವವರಿಗೆ ಬರೆದು ತಿಳಿಸಬಹುದು. ಆದರೆ ಕೊನೆಯ ಸೀಟಿ ಊದುವವರೆಗೆ ಆಟವನ್ನು ಬಿಡಬಾರದು.

ವಾದಿಸುವುದು ತಪ್ಪಲ್ಲ. ಅನ್ಯಾಯ ಕಂಡಾಗ ಸುಮ್ಮನಿರುವುದು ಕ್ರೀಡಾಮನೋಭಾವವೂ ಅಲ್ಲ. ಆದರೆ ವಾದಿಸುವ ಮುನ್ನ ನಡೆದದ್ದನ್ನು ಸರಿಯಾಗಿ ನೋಡಬೇಕು, ನಿಯಮವನ್ನು ಪೂರ್ತಿಯಾಗಿ ತಿಳಿಯಬೇಕು, ತೀರ್ಪು ಹೇಳುವವನ ಕಷ್ಟವನ್ನು ನೆನೆಯಬೇಕು. ಎಲ್ಲಕ್ಕೂ ಮಿಗಿಲಾಗಿ ತನ್ನ ತಂಡದ ಕುಂದುಗಳನ್ನು ಕಾಣುವ ಧೈರ್ಯವಿರಬೇಕು. ಹೀಗೆ ವಾದಿಸಬಲ್ಲವನು ಎದುರು ಪಕ್ಷದವನ ಗೆಳೆತನವನ್ನು ಕಳೆದುಕೊಳ್ಳುವುದಿಲ್ಲ. ಇಬ್ಬರೂ ಅದೇ ಬಸ್ಸನ್ನು ಹತ್ತಿ, ಅದೇ ಕಾಲೇಜಿಗೆ ಹೋಗಿ, ಸಂಜೆ ಅದೇ ಮೈದಾನದಲ್ಲಿ ಮತ್ತೆ ಆಡಬೇಕಾದವರಲ್ಲವೇ?